ಬೆಚ್ಚಗಿನ ಕೋಣೆಯ ಸೂಜಿ

ವಿಲ್ಯಾಂಡಿಯ ನನ್ನ ಅಂಗಡಿಗೆ ಬರುವುದು
ಮೊಂಡಾದ ಗರಗಸ, ಉಸಿರುಗಟ್ಟಿದ ಹುಲ್ಲುಕತ್ತರಿ,
ಹಿಮ ತಳ್ಳಿ ತಳ್ಳಿ ಸೊಂಟ ಬಿದ್ದ ಯಂತ್ರ.
ಹಾರುವ ಮಾತು ಹಿಡಿದು ಬಂದವನು ನೀನೊಬ್ಬನೇ, ತಾವೆಟ್,
ಕೂಸಿನ ಹಾಗೆ ತೋಳಲ್ಲಿ ಹೆಲಿಕಾಪ್ಟರ್,
ಅದರ ಎದೆಯ ಜಾಗ ಖಾಲಿ.

‘ಯಾವ ಎಂಜಿನ್ ಹಾಕಲಿ, ಊರ್ವೆ?’

ನೈಟ್ರೋ ಬೇಡ ಅನ್ನಲಾರೆ.
ಅದು ಮದುವೆಮನೆಯ ಹುಡುಗ:
ಕರೆದ ಕೂಡಲೆ ಎದ್ದು ಕುಣಿಯುತ್ತದೆ,
ಎಂಟು ನಿಮಿಷದಲ್ಲಿ ನಿನ್ನ ಜೇಬು ಕುಡಿದು ಮುಗಿಸಿ
ಬಾಲದುದ್ದಕ್ಕೂ ಜಿಡ್ಡು ಬಳಿದುಕೊಂಡು ಇಳಿಯುತ್ತದೆ.

ಪೆಟ್ರೋಲಿನದರ ಜಾಯಮಾನವೇ ಬೇರೆ.
ಭಾರ.
ಏಳು ಅಂದರೆ ಒಂದು ಗಳಿಗೆ ಯೋಚಿಸುತ್ತದೆ.
ಮೈತುಂಬ ನಡುಕ. ನೀಲಿ ಅಂಟು ಹಚ್ಚಲು ಮರೆತೆಯೋ,
ತಿರುಪುಗಳನ್ನು ಒಂದೊಂದಾಗಿ ಆಕಾಶಕ್ಕೆ ದಾನ ಮಾಡುತ್ತದೆ.
ಕಿಡಿಯ ಗದ್ದಲ ರೇಡಿಯೋದ ಕಿವಿಗೆ ಬೀಳದ ಹಾಗೆ
ರಿಸೀವರನ್ನು ದೂರ, ಮೂಗಿನ ತುದಿಗೆ ಕೂರಿಸಬೇಕು.
ಆದರೆ ಅರ್ಧ ಲೀಟರಿಗೆ ಇಪ್ಪತ್ತೈದು ನಿಮಿಷ
ದುಡಿಯುತ್ತದೆ, ಮಾರಾಯ,
ಬಂಕಿನ ಅದೇ ಪೆಟ್ರೋಲು, ಒಂದು ತೊಟ್ಟು ಎಣ್ಣೆ.

ಮೇಲಿನ ಹಲಗೆಯಿಂದ ಇಳಿಸಿದೆ ಇಪ್ಪತ್ತಾರು ಸಿಸಿಯ ಒಂದನ್ನು.
ರಸ್ತೆಬದಿಯ ಹುಲ್ಲು ಸವರುತ್ತಿದ್ದ ಹೆಲ್ಡೂರ್ ಬಿಟ್ಟುಹೋದದ್ದು;
ರಿಪೇರಿಗೆ ಕೊಟ್ಟವನು ದೋಣಿ ಹತ್ತಿ ತುರ್ಕುವಿಗೆ ಹೋದ,
ಮೂರು ವರ್ಷವಾಯಿತು, ರಸೀದಿ ಇನ್ನೂ ಮೊಳೆಯಲ್ಲಿ ತೂಗುತ್ತಿದೆ.
ಬಂದು ಕೇಳಿದರೆ ಹೇಳುತ್ತೇನೆ, ಮೇಲೆ ನೋಡಪ್ಪ ಅಂತ.

ಆ ವಾರವೆಲ್ಲ ಮೇಜಿಗೆ ಬಿಗಿದು ಓಡಿಸಿದೆವು.
ಹೊಸ ಪಿಸ್ಟನ್ ಉಂಗುರ; ಮೊದಲ ನಾಲ್ಕು ಟ್ಯಾಂಕು
ಬಾಣಂತಿಗೆ ಬಡಿಸಿದ ಹಾಗೆ ಧಾರಾಳ.
ಹೊಗೆಗೆ ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ಕೆಮ್ಮು;
ಮುಚ್ಚಿದ್ದೇ ಹೆಚ್ಚು.
ಆಮೇಲೆ ಕೂದಲೆಳೆ ಕೂದಲೆಳೆಯಾಗಿ ಸೂಜಿ ಬಿಗಿಸಿದೆ.
ಕಣ್ಣು ಮುಚ್ಚಿ ಕೇಳು ಅಂದೆ,
ತೊದಲುವ ದನಿ ತೊದಲು ಬಿಟ್ಟು
ನೇರ ಮಾತಿಗೆ ಬರುವ ಆ ಒಂದು ಗಡಿಯನ್ನು.
ಕೇಳಿಸಿತು ನಿನಗೆ. ನಕ್ಕೆ.
ನಾನೂ ನಕ್ಕೆ; ಅಲ್ಲೇ ನಿಲ್ಲಿಸಿದೆ.

ಫೆಬ್ರವರಿಯ ಭಾನುವಾರ, ವೋರ್ಟ್ಸ್‌ಯಾರ್ವ್ ಸರೋವರ
ಹೊಳೆಯುವ ಹಲಗೆ. ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ದೂರದಲ್ಲಿ ಮಂಜುಗಡ್ಡೆಗೆ ತೂತು ಕೊರೆದು
ಮೀನಿಗೆ ಕಾದು ಕೂತ ಒಬ್ಬ, ಬೆನ್ನು ಮಾತ್ರ.
ನೀನು ರೆಕ್ಕೆಯ ತಲೆ ಹಿಡಿದೆ, ಹಗ್ಗ ನಾನೆಳೆದೆ.
ಆರನೆಯ ಎಳೆತಕ್ಕೆ ಒಪ್ಪಿತು.
ಎದ್ದಿತು. ಹಿಮದ ಹುಡಿ ಎದ್ದಿತು ಜೊತೆಗೆ.
ಇಪ್ಪತ್ತು ಮೀಟರು, ಮೂವತ್ತು,
ನಿನ್ನ ಬಾಯಿ ತೆರೆದೇ ಇತ್ತು.

ನನ್ನ ಕಿವಿಗೆ ಮೊದಲು ಬಿತ್ತು.
ದನಿ ತೆಳುವಾಯಿತು, ಬಡಕಲಾಯಿತು,
ಗೆರೆ ದಾಟಿ ಕೀರಲಾಯಿತು,
ಆಮೇಲೆ ಏನೂ ಇಲ್ಲ.

‘ಪಿಚ್ ಇಳಿಸು!’ ಅಂದೆನೋ, ಅನ್ನಲಿಲ್ಲವೋ.
ನಿನ್ನ ಹೆಬ್ಬೆರಳಿಗೆ ಗೊತ್ತಿತ್ತು.
ಬೀಳುವ ಗಾಳಿಯೇ ರೆಕ್ಕೆ ತಿರುಗಿಸುತ್ತ
ಶ್‌, ಶ್‌, ಶ್‌, ಯಾರೋ ಅಕ್ಕಿ ಕೇರುವ ಸದ್ದು,
ನೆಲ ಮುಟ್ಟುವ ಮುನ್ನ ಕೂಡಿಟ್ಟ ತಿರುಗನ್ನೆಲ್ಲ
ಒಂದೇ ಸಲ ಖರ್ಚು ಮಾಡಿ
ಕೂತುಬಿಟ್ಟಿತು. ಒಂದು ಕಾಲು ಸೊಟ್ಟ, ಅಷ್ಟೇ.

ನೀನು ನಿನ್ನ ಕೈಗಳನ್ನೇ ನೋಡುತ್ತ ನಿಂತೆ,
ತಪ್ಪು ಅಲ್ಲೇ ಎಲ್ಲೋ ಅಂಟಿದೆ ಅನ್ನುವ ಹಾಗೆ.
ಅಲ್ಲ, ತಾವೆಟ್.
ಚಳಿಯ ಗಾಳಿ ದಟ್ಟ, ಅದಕ್ಕೆ ಪೆಟ್ರೋಲು ಹೆಚ್ಚು ಬೇಕು;
ಬೆಚ್ಚಗಿನ ಕೋಣೆಯಲ್ಲಿ ಹದ ಮಾಡಿದ ಸೂಜಿ
ಹೊರಗೆ ಸುಳ್ಳು ಹೇಳುತ್ತದೆ.
ಮೂವತ್ತು ವರ್ಷದಿಂದ ಮರ ಕಡಿಯುವವರಿಗೆಲ್ಲ
ಇದನ್ನೇ ಹೇಳಿ ಕಳಿಸಿದ್ದೇನೆ.
ಆ ಸಂಜೆ ನೀನು ನಕ್ಕೆಯಲ್ಲ, ಮರೆತೇಹೋಯಿತು.

ಕೈಗವಸು ಹಲ್ಲಲ್ಲಿ ಕಚ್ಚಿ ಕಿತ್ತೆ.
ಸ್ಕ್ರೂಡ್ರೈವರಿನ ಕಬ್ಬಿಣ ಬೆರಳಿಗೆ ಅಂಟಿತು.
ಎಂಟನೇ ಒಂದು ಸುತ್ತು, ಹೊರಕ್ಕೆ.

ಮೀನಿನವನು ಈಗ ಇತ್ತ ತಿರುಗಿದ್ದಾನೆ,
ಗಾಳ ಬಿಟ್ಟು, ಫ್ಲಾಸ್ಕಿನ ಮುಚ್ಚಳ ಕೈಯಲ್ಲಿ.
ತಲೆ ಹಿಡಿದುಕೋ.
ಎಳೆಯುತ್ತೇನೆ.