ಸಿರಿಲ್‌ನ ಟಿಕೆಟ್ಟು

ಹಡಗು ಬಂತೆಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ
ವಿಟ್‌ಬಿಯ ಸೇತುವೆ.
ಜಗಳ ಬಂತೆಂದರೆ ಸಿರಿಲ್ ಸರಿಯುವುದಿಲ್ಲ.
ಗುರುವಾರ ಸಂಜೆ ಏಳು, ಪಬ್ಬಿನ ಹಿಂದಿನ ಕೋಣೆ,
ನಾಲ್ಕು ಕುರ್ಚಿ, ನಾಲ್ಕು ಲ್ಯಾಪ್‌ಟಾಪು,
ಗೋಡೆಯಲ್ಲಿ ಒಂದೇ ಪ್ಲಗ್ಗು.
ಆ ಪ್ಲಗ್ಗಿನದೂ ಒಂದು ವಾದ ಉಂಟು, ಈಗ ಬೇಡ.

ಸಿರಿಲ್‌ದು ಒಂದೇ ಒಂದು ಪುಟ:
ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ.
ಹದಿನೇಳು ವರ್ಷದಿಂದ ಕೈಯಾರೆ ಬರೆದ ಕೋಡು,
ನೀಲಿಯ ಮೇಲೆ ಹಳದಿ ಅಕ್ಷರ,
ನೋಡಿದರೆ ಕಣ್ಣು ಉರಿಯುತ್ತದೆ; ಆದರೆ
ಏಡಿ ಹಿಡಿಯುವವರು ಅದನ್ನೇ ನೋಡಿ ದೋಣಿ ಇಳಿಸುತ್ತಾರೆ.
ತಿಂಗಳಿಗೆ ನಾಲ್ಕು ಪೌಂಡಿದ್ದ ಅದರ ಬಾಡಿಗೆ
ಈಗ ಹನ್ನೊಂದು.
"ಒಂದು ಮಾತು ಕೇಳಿದರಾ?" ಮೇಜು ಕುಟ್ಟುತ್ತಾನೆ.
ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೆ,
ಒಳಗೊಳಗೇ ಅಂದುಕೊಂಡು ನಿಂಬೆ ಸೋಡಾ ಹೀರುತ್ತೇನೆ.

"ಮನೆಯಲ್ಲೇ ಇಡು," ಮೌರೀನ್ ಹೇಳುತ್ತಾಳೆ,
"ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಒಂದು ಹಳೇ ಡಬ್ಬ ಸಾಕು.
ನಂದು ನೋಡು, ಒಂಬತ್ತು ವರ್ಷ, ಒಮ್ಮೆಯೂ..."
"ವ್ಯಾಕ್ಯೂಮಿಗೆ ಬೇಕು ಅಂತ ನಿನ್ನ ಗಂಡ ಪ್ಲಗ್ಗು ಕಿತ್ತದ್ದು?"
ಇದು ಕೀರನ್.
"ಅದು ಒಂದು ಸಲ."
"ಎರಡು."
ಕೀರನ್‌ಗೆ ಎಲ್ಲವೂ ಮೋಡದಲ್ಲಿರಬೇಕು.
ಸಿರಿಲ್ ಕಿಟಕಿ ತೋರಿಸುತ್ತಾನೆ, ಉತ್ತರ ಸಮುದ್ರದ ಮೇಲೆ ಕಪ್ಪು:
"ಮೋಡ ನಂಬಿ ದೋಣಿ ಇಳಿಸಿದವರ ಹೆಸರು
ಚರ್ಚಿನ ಗೋಡೆಯಲ್ಲಿದೆ."

ಮಾತು ಕೆಲಸಕ್ಕೆ ಹೊರಳುತ್ತದೆ. ಯಾವಾಗಲೂ ಹೊರಳುತ್ತದೆ.
ಕೀರನ್‌ನನ್ನು ವಾರಕ್ಕೆ ಮೂರು ದಿನ ಲೀಡ್ಸ್‌ಗೆ ಬಾ ಎಂದಿದ್ದಾರೆ,
ಎರಡು ರೈಲು ಹತ್ತಿ ಹೋಗಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ,
ಪಕ್ಕದ ಕುರ್ಚಿಯವನಿಗೆ ಮೆಸೇಜು ಕಳಿಸಲು.
"ನಾನು ಮಂಜಿನ ಕಹಳೆ ರಿಪೇರಿ ಮಾಡುತ್ತಿದ್ದೆ," ಸಿರಿಲ್ ಗುಡುಗುತ್ತಾನೆ,
"ಅದನ್ನು ಹಾಸಿಗೆಯಿಂದ ಮಾಡು ನೋಡೋಣ."
"ಹಾಸಿಗೆಯಿಂದ ಕೇಳಬಹುದಿತ್ತಲ್ಲ," ಎಂದಳು ಮೌರೀನ್.

"ವ್ಯಾರಿ, ನಿಂದೇನು ಕೆಲಸ? ನೀನು ಹೇಳಲೇ ಇಲ್ಲ."
ವಾರಿಜಾಳನ್ನು ಅವರು ಅರ್ಧಕ್ಕೆ ಕತ್ತರಿಸಿದ್ದಾರೆ.
"ಕಾಗದಪತ್ರ," ಎನ್ನುತ್ತೇನೆ, "ರಾತ್ರಿ ಪಾಳಿ."
ಸುಳ್ಳಲ್ಲ.

ಆಗ ಸಿರಿಲ್ ಫೋನು ತೆಗೆದು, ಗಂಟಲು ಸರಿಮಾಡಿಕೊಂಡು ಓದುತ್ತಾನೆ:
'ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ...'
"ರಾತ್ರಿ ಎರಡೂ ಹತ್ತಕ್ಕೆ ಬಂದ ಉತ್ತರ!
ಮನುಷ್ಯರು ಆ ಹೊತ್ತಿನಲ್ಲಿ ವಿಷಾದಿಸುತ್ತಾರಾ? ಇದು ಯಂತ್ರ."
ಕೀರನ್ ಬಗ್ಗಿ ನೋಡಿ, "ಯಂತ್ರವೇ. ಅಲ್ಪವಿರಾಮ ಎಷ್ಟು ಸರಿಯಾಗಿದೆ ನೋಡು."
"ಯಾವಳೋ ಹುಡುಗಿ ಇರಬಹುದು, ಪಾಪ," ಮೌರೀನ್.
ಎರಡಕ್ಕೆ ಒಂದು ಮತ. ನನ್ನದನ್ನು ಯಾರೂ ಕೇಳಲಿಲ್ಲ.
ಆ ಅಲ್ಪವಿರಾಮದ ಮುಂದೆ ನಾನೆಷ್ಟು ಹೊತ್ತು ಕೂತಿದ್ದೆ
ನನಗೇ ಗೊತ್ತು. ಹೀಟರು ಕೆಟ್ಟಿತ್ತು.
ಕಾಲಿಗೆ ಎರಡು ಜೊತೆ ಸಾಕ್ಸು.

ಅಂದು ರಾತ್ರಿ ಸಿರಿಲ್‌ನ ಹೊಸ ಟಿಕೆಟ್ಟು,
ಇಡೀ ಕ್ಯಾಪಿಟಲ್ ಅಕ್ಷರದಲ್ಲಿ, ನನ್ನ ಸಾಲಿಗೇ ಬಂದು ಬಿತ್ತು.
ಸಿದ್ಧ ಉತ್ತರವಿದೆ, ಒಂದು ಗುಂಡಿ ಒತ್ತಿದರೆ ಸಾಕು.
ಒತ್ತಲಿಲ್ಲ.
ಆರು ತಿಂಗಳು ಹಳೇ ದರ: ನನ್ನ ಕೈಯಲ್ಲಾಗುವುದು ಅಷ್ಟೇ, ಕೊಟ್ಟೆ.
ಕೆಳಗೆ ಬರೆದೆ: ನಾಳೆ ನೀರು ಏರುವುದು ಐದೂ ನಲವತ್ತಕ್ಕೆ,
ನಿಮ್ಮ ಪುಟ ನೋಡಿ ತಿಳಿದೆ.
ಅಳಿಸಿದೆ.
ಬದಲಿಗೆ ಕ್ಷಮೆ ಕೇಳುವ ಸಾಲಿನಲ್ಲಿ
ಒಂದು ಸ್ಪೆಲಿಂಗು ತಪ್ಪು ಬಿಟ್ಟೆ, ಬೇಕೆಂದೇ.
ಅನ್ನದಲ್ಲಿ ಕಲ್ಲು ಸಿಕ್ಕರೆ
ಅಕ್ಕಿ ಆರಿಸಿದ ಕೈಯೊಂದು ಎಲ್ಲೋ ಇದೆಯೆಂದು ತಾನೆ?

ಮುಂದಿನ ಗುರುವಾರ ಅದನ್ನು ಪ್ರಿಂಟು ಮಾಡಿಯೇ ತಂದ ಸಿರಿಲ್,
ತಪ್ಪಿನ ಸುತ್ತ ಕೆಂಪು ಶಾಯಿಯ ವೃತ್ತ.
"ನೋಡಿದಿರಾ," ಎಂದ, ಗೆದ್ದವನ ಹಾಗೆ,
"ತಪ್ಪು ಮಾಡುವುದನ್ನೂ ಕಲಿಸಿಬಿಟ್ಟಿದ್ದಾರೆ ಅದಕ್ಕೆ."
ಕೀರನ್ ತಲೆಯಾಡಿಸಿದ.
ಮೌರೀನ್ ನನ್ನತ್ತ ನೋಡಿದಳು, ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು.
ಆಮೇಲೆ ತನ್ನ ವೈರು ಕಿತ್ತು
ಪ್ಲಗ್ಗಿನ ಸರದಿ ನನಗೆ ಬಿಟ್ಟುಕೊಟ್ಟಳು.