ಎಡದಿಂದ ಎರಡನೆಯವನು

ನರ್ಗೀಸ್ ಮಂಡಕ್ಕಿಯ ಪೊಟ್ಟಣ ಬಿಚ್ಚುವ ಮೊದಲೇ
ಶುರುವಾಗಿತ್ತು.
"ಹಾಲೇಶಿ ಹರಿಹರದವರ ಕಡೆ ಹೋದ್ನಂತೆ."
ದಾದಾಪೀರ ಮೆಣಸಿನಕಾಯಿ ಹಿಟ್ಟಿಗದ್ದಿದ,
ಎಣ್ಣೆಗೆ ಬಿಡುವುದ ಮರೆತ.

"ಹೋದ್ನೋ? ಕಳಿಸಿದ್ರೋ?"
ಕೇಳಿದವನು ಕೊಟ್ರಬಸ್ಸಣ್ಣ,
ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ ಕಡಿದ ನೂಲು ಹೊಂದಿಸಿದವ.
ಆ ಎರಡು ಮಾತಿನ ನಡುವಿನ ಅಂತರ
ಗೇಟಿಗೆ ಬೀಗ ಬಿದ್ದ ದಿನದಿಂದ ಅವನಿಗೆ
ನಮಗಿಂತ ಚೆನ್ನಾಗಿ ಗೊತ್ತು.

"ಮಂಡಿ ಸವೆದಿತ್ತು ಕಣ್ಲೇ," ಭಟ್ಟಿ ಸನಾವುಲ್ಲಾ,
ಹುಬ್ಬಿನ ತನಕ ಹೊಟ್ಟಿನ ಮಸಿ,
"ಕುಂತ್ರೆ ಏಳಾಕೆ ಗೋಡೆ ಹುಡುಕ್ತಿದ್ದ.
ಹೊನ್ನಾಳಿ ಹುಡುಗ ಬಂದಾನೆ, ನೋಡು, ಚಿರತೆ."
"ಚಿರತೆಗೆ ಕೈ ಹಿಡಿಯೋದು ಗೊತ್ತೈತೇನಲೇ?"

ಹಾಲೇಶಿ ರೈಡಿಗೆ ಹೋದವನಲ್ಲ.
ಮೂಲೆಯಲ್ಲಿ ನಿಂತು ಕಾಲಿಗೆ ಹಾರಿದವನೂ ಅಲ್ಲ.
ಹಾರುವವನು ಚೌಡಪ್ಪ; ಸಿಳ್ಳೆ, ಹಾರ, ಐನೂರರ ನೋಟು ಅವನಿಗೆ.
ಇವನು ಪಕ್ಕದಲ್ಲಿ, ಎಡದಿಂದ ಎರಡನೆಯವನು.
ಚೌಡಪ್ಪನ ಬಲಗೈ ಇವನ ಎಡಗೈಯಲ್ಲಿ.
ಹಾರಿದವನು ಗೆರೆ ದಾಟಿ ಜಾರದಂತೆ
ಹಿಂದಕ್ಕೆ ಎಳೆದ ಆ ಎಳೆತವನ್ನು
ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಹಿಡಿದ ಕಾಲಿನ ಮೇಲೆ.

ರಾಣೆಬೆನ್ನೂರಿನಲ್ಲಿ ಒಮ್ಮೆ ಭುಜದ ಕೀಲು ತಪ್ಪಿತ್ತು.
ಆಟ ನಿಂತ ಮೇಲೂ ಬೆರಳು ಬಿಚ್ಚಿರಲಿಲ್ಲ.
"ಬಿಡಣ್ಣ, ಔಟಾದ ಅವ್ನು," ಅಂತ
ಚೌಡಪ್ಪನೇ ಒಂದೊಂದು ಬೆರಳು ಬಿಡಿಸಿದ್ದ.

"ಏ ಲೆಕ್ಕದಪ್ಪ, ನಿನ್ ಪುಸ್ತಕ ಏನಂತೈತಿ?"
ನನ್ನ ಕಡೆ ತಿರುಗಿದರು.
ಅಂಕ ಬರೆಯುವವನು ನಾನು.
ಹದಿನೇಳು ವರ್ಷ, ಹದಿನೇಳು ನೋಟ್‌ಬುಕ್ಕು.
ಮನೆಗೆ ಬಂದು ಟ್ರಂಕು ಎಳೆದೆ,
ಹೆಂಡತಿ ಏನು ಸುಡುತ್ತಿದ್ದೀ ಅಂದಳು, ಅಷ್ಟು ಧೂಳು.
ಒಂದು ವರ್ಷ ನಾಲ್ಕು ಅಂಕ.
ಒಂದು ವರ್ಷ ಎರಡು, ಗೆರೆ ತುಳಿದ ತಪ್ಪು ಒಂದು.
ಮುಂದೆ ಸೊನ್ನೆ, ಸೊನ್ನೆ, ಅದರ ಮುಂದೆ ಚಹಾದ ಕಲೆ.
ಕೈ ಹಿಡಿದದ್ದಕ್ಕೆ ಕಲಮು ನಾನು ಎಳೆದಿರಲಿಲ್ಲ.
ಯಾರೂ ಎಳೆಯುವುದಿಲ್ಲ.

ಒಂದೇ ಸಲ ಅವನು ನನ್ನ ಪುಸ್ತಕಕ್ಕೆ ಬಗ್ಗಿದ್ದು.
ಬೆವರು ಹಾಳೆಗೆ ತೊಟ್ಟಿಕ್ಕಿತು, ಶಾಯಿ ಹರಡಿತು.
ಅಂಕ ನೋಡಲಿಲ್ಲ.
"ಹಾಲೇಶ ಅಲ್ಲ ಸಾರ್, ಹಾಲೇಶಿ. ಶ-ಕ್ಕೆ ಗುಡಿಸು."
ಆಯ್ತು ಅಂದೆ.
ಈಗ ನೋಡಿದರೆ ಹದಿನೇಳೂ ಪುಸ್ತಕದಲ್ಲಿ
ಗುಡಿಸಿಲ್ಲ.

ಭಾನುವಾರ ಹೈಸ್ಕೂಲು ಮೈದಾನ.
ಹರಿಹರದವರ ಕೆಂಪು ಬನಿಯನ್ನಿನಲ್ಲಿ ಅವನು,
ಹೊಟ್ಟೆಯ ಹತ್ತಿರ ಬಿಗಿ,
ಮೀಸೆ ಮೂಡದ ಒಬ್ಬ ಹುಡುಗನ ಕೈ ಹಿಡಿದು ನಿಂತಿದ್ದ.
ನಮ್ಮ ಕಡೆಯವರು ಕೂಗಿದರು, "ಮಾರಿಕೊಂಡ್ಯಾ?"
ಅದೇ ಬಾಯಿ ಮರುಗಳಿಗೆ,
"ಹಾಲೇಶಿ, ಮಂಡಿ ಹುಷಾರೋ!"

ಹೊನ್ನಾಳಿ ಹುಡುಗ ಚಿರತೆಯೇ ಹೌದು.
ಕಣ್ಣು ಜನರ ಮೇಲೆ, ಕಾಲು ನೆಲದ ಮೇಲೆ ನಿಲ್ಲದು.
ರೈಡು ಬಂತು. ಚೌಡಪ್ಪ
ನೋಡದೆ, ರೂಢಿಯಿಂದ,
ಬಲಗೈ ಹಿಂದಕ್ಕೆ ಚಾಚಿದ.
ಅಲ್ಲಿ ಯಾರೂ ಇರಲಿಲ್ಲ.
ಗೆರೆಯಾಚೆ ನಿಂತ ಹಾಲೇಶಿಯ ಎಡಗೈ
ತುಸು ಅಲುಗಿದ್ದು ಕಂಡೆ,
ಅಥವಾ ಕಂಡೆ ಅಂದುಕೊಂಡೆ.

ಆ ಕೈ ಗಾಳಿಯಲ್ಲಿ ಎಷ್ಟು ಹೊತ್ತಿತ್ತು?
ಸನಾವುಲ್ಲಾ ಅಂತಾನೆ, ಕಣ್ಣು ಮಿಟುಕುವಷ್ಟು.
ಕೊಟ್ರಬಸ್ಸಣ್ಣ ಅಂತಾನೆ, ಆಟ ಮುಗಿಯೋ ತನಕ.
ದಾದಾಪೀರ ಒಲೆ ಆರಿಸಿ ಬಾಗಿಲೆಳೆದ.
ಹೊರಗೆ ಬೀದಿದೀಪದ ಕೆಳಗೆ ಜಗಳ ನಡೆದೇ ಇದೆ,
ಮಂಡಕ್ಕಿ ಮೆತ್ತಗಾಗಿದೆ.