ಹತ್ತು ಮಿಲಿಗ್ರಾಂ

ಓಕ್ಲೆಂಡಿನ ಈ ಮೂರನೇ ಮಹಡಿಯಲ್ಲಿ
ನನಗೂ ಲಾವ್ ಮುದುಕನಿಗೂ ನಡುವೆ ಒಂದೇ ಗೋಡೆ,
ಇಟ್ಟಿಗೆಯದೂ ಅಲ್ಲ, ಒಳಗೆ ಪೊಳ್ಳು ಹಲಗೆ.
ಅವನ ಕೆಮ್ಮು ಅದನ್ನು ದಾಟಿ ಬಂದು
ನನ್ನ ದಿಂಬಿನ ಮೇಲೆ ಮಲಗುತ್ತಿತ್ತು.

ಒಣ ಕೆಮ್ಮು. ಕಫವಿಲ್ಲ, ಜ್ವರವಿಲ್ಲ.
ಖಾಲಿ ಡಬ್ಬದಲ್ಲಿ ಒಂದೇ ಒಂದು ಗುಂಡಿ ಹಾಕಿ
ರಾತ್ರಿಯಿಡೀ ಯಾರೋ ಅಲ್ಲಾಡಿಸಿದ ಹಾಗೆ.
ಎರಡು ಗಂಟೆಗೆ ಎದ್ದು ಚಪ್ಪಲಿಯಿಂದ ಗೋಡೆಗೆ ಬಡಿಯುತ್ತಿದ್ದೆ.
ಬಾಯಿಗೆ ಏನೋ ಒತ್ತಿಕೊಳ್ಳುತ್ತಿದ್ದ;
ಅದುಮಿದ ಕೆಮ್ಮು ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು.

ನನಗೇನು ಗೊತ್ತು,
ಅವನ ಬಚ್ಚಲ ಕಪಾಟಿನಲ್ಲೂ ನನ್ನದೇ ಬಾಟಲಿ:
ಲಿಸಿನೋಪ್ರಿಲ್, ದಿನಕ್ಕೊಂದು, ಪುಟ್ಟ ಗುಲಾಬಿ ಬಿಲ್ಲೆ.

ಫೆಬ್ರವರಿಯ ಒಂದು ರಾತ್ರಿ ತುಟಿ ಜುಮ್ಮೆಂದಿತು.
ಕನ್ನಡಿಯಲ್ಲಿ ನೋಡಿದರೆ ಬೇರೆ ಯಾರದೋ ಬಾಯಿ.
ಮಗಳಿಗೆ ಫೋನ್ ಮಾಡಿದೆ.
ಮೂವತ್ತೊಂದು ವರ್ಷ ಬಸ್ಸು ಓಡಿಸುತ್ತ
ಸ್ಟಾಪುಗಳ ಹೆಸರು ಕೂಗಿದ ನಾಲಿಗೆ
ಹುದುಗು ಬಂದ ಹಿಟ್ಟಾಗಿ ಬಾಯಿ ತುಂಬಿ
ರೊನೆಟಾ ಎನ್ನಲು ಹೋಗಿ ರಕಾರದಲ್ಲೇ ಕೆಟ್ಟು ನಿಂತಿತು.

ಚಪ್ಪಲಿ ಹುಡುಕಿದೆ. ಬಡಿದೆ.
ಆಚೆ ಕೆಮ್ಮು ತಟ್ಟನೆ ನಿಂತಿತು.
ಅಯ್ಯೋ ಮಾರಾಯ, ಬೈಯುತ್ತಿಲ್ಲ ನಾನು!
ಬಡಿದೆ, ಬಡಿದೆ.
ಪಾಪ, ಉಸಿರನ್ನೇ ಹಿಡಿದುಕೊಂಡು ಕೂತಿದ್ದನಂತೆ.

ಕೊನೆಗೆ ಬಾಗಿಲಿಗೆ ಬಂದವನ ಕೈಯಲ್ಲಿ
ತಪ್ಪಾಯಿತು ಎನ್ನಲು ತಂದ ಎರಡು ಕಿತ್ತಳೆ.
ನನ್ನ ಮುಖ ನೋಡಿದ.
ಹಣ್ಣು ಮೆಟ್ಟಿಲ ತನಕ ಉರುಳಿದವು.

ಎಳೆಯ ಡಾಕ್ಟರು ಹೇಳಿದ:
'ಈ ಮಾತ್ರೆಗೆ ನಿಮ್ಮವರಲ್ಲಿ ಊತ ಮೂರು ನಾಲ್ಕು ಪಟ್ಟು ಜಾಸ್ತಿ.
ಇವರ ಕಡೆಯವರಲ್ಲಿ ಕೆಮ್ಮು.'
ಅಂದರೆ, ಗೊತ್ತಿತ್ತು.
ಯಾವುದೋ ಪುಸ್ತಕದ ಯಾವುದೋ ಪುಟದ ಕೆಳಗೆ
ಸಣ್ಣಕ್ಷರದಲ್ಲಿ ನಾವಿಬ್ಬರೂ ಅಕ್ಕಪಕ್ಕ
ಬಾಡಿಗೆಗಿದ್ದೆವು.

ನಮ್ಮವರು ಅಂದರೆ ಯಾರಪ್ಪಾ?
ನನ್ನ ಬೆನ್ನಿಗೆ ಹುಟ್ಟಿದ ಆರ್ಡೆಲಾ
ಹನ್ನೆರಡು ವರ್ಷದಿಂದ ಇದನ್ನೇ ನುಂಗುತ್ತಾಳೆ,
ಒಂದು ಸೀನೂ ಇಲ್ಲ.
ಫಾರ್ಮಿನಲ್ಲಿ ಇಬ್ಬರದೂ ಒಂದೇ ಚೌಕ, ಒಂದೇ ಟಿಕ್ಕು.
ಕೇಳಬೇಕೆಂದಿದ್ದೆ;
ನಾಲಿಗೆ ಇನ್ನೂ ನನ್ನದಾಗಿರಲಿಲ್ಲ.

ಈಗ ಇಬ್ಬರಿಗೂ ಬೇರೆ ಮಾತ್ರೆ.
ನನಗೆ ಪಾದ ಊದುತ್ತದೆ. ಇರಲಿ,
ಪಾದದಿಂದ ಯಾರನ್ನೂ ಕೂಗಬೇಕಿಲ್ಲ.
ಎರಡು ಗಂಟೆಗೆ ಸುಮ್ಮನೆ ಎಚ್ಚರವಾಗುತ್ತದೆ.
ಗೋಡೆಯೂ ಸುಮ್ಮನಿದೆ.
ಬೆರಳ ಗಿಣ್ಣಿನಿಂದ ಮೆತ್ತಗೆ ತಟ್ಟುತ್ತೇನೆ.
ಆಚೆಯಿಂದ, ಸ್ವಲ್ಪ ತಡವಾಗಿ,
ಬೇಕೆಂದೇ ಕೆಮ್ಮಿದ ಒಂದು ಕೆಮ್ಮು.